ಮೂರು ತಪ್ಪಿನ ತಾಮ್ರದ ನಾಣ್ಯ

ನಾನು ಒಬ್ಬ ಮನುಷ್ಯನ ಬಲಗೈಯನ್ನು ಸುತ್ತಿಗೆಯಿಂದ ಜಜ್ಜಿದ್ದೇನೆ. ಅವರು ನನ್ನ ಶತ್ರುವಲ್ಲ. ಏಳು ವರ್ಷ ಒಂದೇ ಕೋಣೆಯಲ್ಲಿ ಜೊತೆಗಿದ್ದವರು, ನನಗೆ ಕೊರೊನಾ ಬಂದಾಗ ಬಾಗಿಲಾಚೆ ಗಂಜಿ ಇಟ್ಟು, ನಾನು ಎದ್ದು ಬಂದು ತೆಗೆದುಕೊಳ್ಳುವವರೆಗೂ ಮೆಟ್ಟಿಲ ಮೇಲೆ ಕೂತಿರುತ್ತಿದ್ದವರು. ಊರಿನಲ್ಲಿ ಯಾರಾದರೂ, ಸೌದಿಯ ದಮ್ಮಾಮ್ ಬಿಟ್ಟು ಇನ್ನೊಂದು ತುದಿಯ ಆ ತಬೂಕ್‌ಗೆ ಯಾಕೆ ಹೋದೆ ಎಂದು ಕೇಳಿದರೆ, ಅಲ್ಲಿಯ ಹವೆ ಒಳ್ಳೆಯದು ಎನ್ನುತ್ತೇನೆ. ಅದು ಸುಳ್ಳು.

ದಮ್ಮಾಮ್‌ನಲ್ಲಿ ನಾನಿದ್ದದ್ದು ಭಟ್ಕಳದ ಸಾಹೇಬರೊಬ್ಬರ ಸಣ್ಣ ವರ್ಕ್‌ಶಾಪ್‌ನಲ್ಲಿ. ಎಣ್ಣೆ ಕಂಪನಿಗಳ ಪೈಪುಗಳಲ್ಲಿರುವ ಪ್ರತಿ ವಾಲ್ವ್‌ಗೂ ಒಂದು ಹಿತ್ತಾಳೆ ಬಿಲ್ಲೆ ನೇತುಹಾಕಿರುತ್ತಾರೆ, ಅದರ ಮೇಲೆ ಆ ವಾಲ್ವಿನ ನಂಬರು ಇರುತ್ತದೆ. ದೊಡ್ಡ ಆರ್ಡರ್‌ಗಳನ್ನು ಕಂಪ್ಯೂಟರ್ ಮಿಷನ್ ಮಾಡುತ್ತಿತ್ತು. ಸಣ್ಣವು, ಅವಸರದವು ನನ್ನ ಪಾಲಿಗೆ. ಉಕ್ಕಿನ ಅಕ್ಷರದ ಪಂಚನ್ನು ಬಿಲ್ಲೆಯ ಮೇಲೆ ನೆಟ್ಟಗೆ ಹಿಡಿದು ಸುತ್ತಿಗೆಯಿಂದ ಒಂದು ಏಟು ಹೊಡೆಯಬೇಕು. ಎರಡನೇ ಏಟು ಬಿದ್ದರೆ ಅಕ್ಷರ ಜೋಡಿಯಾಗಿ ಕಾಣುತ್ತದೆ, ಬಿಲ್ಲೆ ಹಾಳು. ಹೊನ್ನಾವರದ ಪಾತ್ರೆ ಅಂಗಡಿಯಲ್ಲಿ ಮದುವೆ ಉಡುಗೊರೆಯ ಕೊಡ, ಚೆಂಬುಗಳ ಮೇಲೆ ಹೆಸರು ಹಾಕುತ್ತಾ ಕಲಿತ ಕೈ ಅದು.

ನನ್ನ ಪಕ್ಕದ ಪಾಲಿಶ್ ಮಿಷನ್ ಭಾಯ್‌ದು. ಎಲ್ಲರೂ ಅವರನ್ನು ಕರೆಯುತ್ತಿದ್ದದ್ದೇ ಹಾಗೆ. ಐವತ್ತು ದಾಟಿದ, ಭಟ್ಕಳದ ಮನುಷ್ಯ. ಮನೆಮಾತು ನವಾಯತಿ, ನನ್ನ ಜೊತೆ ಕನ್ನಡ. ಮೋಟಾರಿಗೆ ಸಿಕ್ಕಿಸಿದ ಬಟ್ಟೆಯ ಚಕ್ರ ಗಿರ್ರನೆ ತಿರುಗುತ್ತಿರುವಾಗ ಬಿಲ್ಲೆಯನ್ನು ಅದಕ್ಕೆ ಒತ್ತಿ ಹಿಡಿದರೆ ಅದು ಕನ್ನಡಿಯಾಗುತ್ತದೆ. ಹಿಡಿತ ಸ್ವಲ್ಪ ತಪ್ಪಿದರೆ ಚಕ್ರ ಲೋಹವನ್ನು ಕಿತ್ತು ಎಸೆಯುತ್ತದೆ. ಒಮ್ಮೆ ಹಾಗೆ ಹಾರಿದ ತಗಡು ಅವರ ಹುಬ್ಬನ್ನು ಸೀಳಿತ್ತು. ರಕ್ತ ಗಡ್ಡದವರೆಗೆ ಇಳಿಯುತ್ತಿದ್ದರೂ ಅವರು ಮೊದಲು ಸ್ವಿಚ್ ಆರಿಸಿದರು, ಆಮೇಲೆ ನಕ್ಕರು.

"ನನ್ಗೆ ಹೊಡಿಯೂದು ಇದೊಂದೇ ಮಾರಾಯ. ಹೆಂಡ್ತಿ ಸಹ ಹೊಡಿಯೂದಿಲ್ಲ."

ನಾನು ಹಾಗಲ್ಲ. ಸಿಟ್ಟು ನನಗೆ ಕಾಲಿನಿಂದ ಏರುತ್ತದೆ, ತಲೆಗೆ ಬರುವಷ್ಟರಲ್ಲಿ ಕೈ ಕೆಲಸ ಮುಗಿಸಿರುತ್ತದೆ. ಎಣಿಸಿಟ್ಟ ಬಿಲ್ಲೆಗಳ ಡಬ್ಬಿ ಬೀಳಿಸಿದ ಒಬ್ಬ ಡೆಲಿವರಿ ಡ್ರೈವರನ ಕತ್ತು ಹಿಡಿದು ಗೋಡೆಗೆ ಒತ್ತಿದ್ದೆ. ಅವನ ಮುಖ ನೇರಳೆಯಾಗುವವರೆಗೂ ಬಿಟ್ಟಿರಲಿಲ್ಲ. ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದವರು ಭಾಯ್. ಆ ದಿನ ಕೋಣೆಯಲ್ಲಿ ಅವರು ಹೇಳಿದ್ದು ಇಷ್ಟೇ: "ನಿನ್ನ ಕೈಯಲ್ಲಿ ಯಾವಾಗ್ಲೂ ಸುತ್ತಿಗೆ ಇರ್ತದೆ. ನೆನಪಿಟ್ಕೊ."

ನಮ್ಮ ಬಿಲ್ಲೆಗಳನ್ನು ಪರೀಕ್ಷೆ ಮಾಡಲು ಬರುತ್ತಿದ್ದವರಲ್ಲಿ ಒಬ್ಬ ಅಮೆರಿಕದ ಇಂಜಿನಿಯರ್ ಇದ್ದ. ನಿವೃತ್ತಿಗೆ ಹತ್ತಿರವಾದ ಮುದುಕ, ಜೇಬಿನಲ್ಲಿ ಸದಾ ಭೂತಗನ್ನಡಿ. ಒಂದು ಸಲ ನಾನು ಒಂಬತ್ತರ ಪಂಚನ್ನು ತಲೆಕೆಳಗೆ ಹಿಡಿದು ಆರು ಹೊಡೆದುಬಿಟ್ಟಿದ್ದೆ. ಬೇರೆಯವರಾಗಿದ್ದರೆ ಬೈಯುತ್ತಿದ್ದರು. ಆತ ಜೋರಾಗಿ ನಕ್ಕು, ಮುಂದಿನ ವಾರ ಬರುವಾಗ ಹತ್ತಿಯಲ್ಲಿ ಸುತ್ತಿದ ಒಂದು ನಾಣ್ಯ ತಂದ.

ನಮ್ಮ ಹಳೆಯ ದೊಡ್ಡ ಒಂದು ರೂಪಾಯಿಯಷ್ಟು ಅಗಲದ ತಾಮ್ರದ ನಾಣ್ಯ. ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತ್ತು. ಒಂದು ಕಡೆ ಕೂದಲು ಇಳಿಬಿಟ್ಟ ಹೆಣ್ಣಿನ ತಲೆ, ಕೆಳಗೆ 1801. ಇನ್ನೊಂದು ಕಡೆ ಎಲೆಗಳ ಹಾರ, ಅದರೊಳಗೆ ಒಂದು ಸೆಂಟ್ ಎಂಬ ಬರಹ.

"ಇದರ ಅಚ್ಚು ಮಾಡಿದವನು ನಿನ್ನ ಜಾತಿಯವನು, ಪಂಚ್ ಹಿಡಿದು ಒಂದೊಂದೇ ಅಕ್ಷರ ಹೊಡೆದವನು" ಎಂದು ಆತ ಭೂತಗನ್ನಡಿ ನನ್ನ ಕೈಗೆ ಕೊಟ್ಟ. "ಒಂದೇ ಅಚ್ಚಿನಲ್ಲಿ ಮೂರು ತಪ್ಪು ಮಾಡಿದ್ದಾನೆ. ಹುಡುಕು."

ಮೊದಲನೆಯದು ಸಿಕ್ಕಿತು. ದೇಶದ ಹೆಸರಿನ ಆರಂಭದ 'ಯು' ಅಕ್ಷರ ಕೆಳಗೆ ಕೂಡಿಕೊಂಡಿರಲಿಲ್ಲ, ಎರಡು ಕಂಬ ನಿಲ್ಲಿಸಿದ ಹಾಗಿತ್ತು. ಹಾರದ ಎರಡು ಕಾಂಡಗಳಲ್ಲಿ ಒಂದನ್ನು ಹಾಕಲು ಮರೆತಿದ್ದ. ಮೂರನೆಯದನ್ನು ಆತನೇ ತೋರಿಸಬೇಕಾಯಿತು. ಸೆಂಟ್ ಎಂದರೆ ಡಾಲರಿನ ನೂರನೇ ಒಂದು ಭಾಗ. ಕೆಳಗೆ ಒಂದು, ಗೆರೆ, ನೂರು ಎಂದು ಬರಬೇಕು. ಅವನು ಗೆರೆಯ ಕೆಳಗೆ ಮೂರು ಸೊನ್ನೆ ಹೊಡೆದಿದ್ದ.

"ಒಂದನ್ನು ಏನೂ ಇಲ್ಲದ್ದರಿಂದ ಭಾಗಿಸಿದ್ದಾನೆ" ಎಂದು ಮುದುಕ ಮತ್ತೆ ನಕ್ಕ.

ನನಗೆ ನಗು ಬರಲಿಲ್ಲ. ಎರಡು ನೂರು ವರ್ಷದ ಹಿಂದೆ ಯಾರೋ ಒಬ್ಬ ಬೆವರು ಒರೆಸಿಕೊಳ್ಳುತ್ತಾ ತಪ್ಪು ಪಂಚ್ ಎತ್ತಿಕೊಂಡದ್ದು, ಹೊಡೆದ ಮೇಲೆ ಯಾರಾದರೂ ನೋಡಿದರೋ ಎಂದು ಸುತ್ತ ಕಣ್ಣು ಹಾಯಿಸಿದ್ದು, ಎರಡೂ ನನಗೆ ಗೊತ್ತಿತ್ತು. ಕೆಲಸ ಬಿಟ್ಟು ತನ್ನ ದೇಶಕ್ಕೆ ಹೋಗುವ ದಿನ ಆತ ಆ ನಾಣ್ಯವನ್ನು ನನ್ನ ಕೈಯಲ್ಲಿಟ್ಟ. "ತೊಳೆಯಬೇಡ. ಉಜ್ಜಬೇಡ. ಆ ಬಣ್ಣವೇ ಅದರ ವಯಸ್ಸು" ಎಂದ. ಬೆಲೆಯ ಮಾತು ಆತ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಕೇಳದಿದ್ದರೂ ಫೋನ್ ಇತ್ತಲ್ಲ. ಹುಡುಕಿದೆ. ಅಂಥದೇ ಮೂರು ತಪ್ಪಿನ ನಾಣ್ಯವೊಂದು ಹರಾಜಿನಲ್ಲಿ ಮಾರಾಟವಾದ ವೀಡಿಯೋ ಸಿಕ್ಕಿತು. ಆ ಮೊತ್ತವನ್ನು ರೂಪಾಯಿಗೆ ಪರಿವರ್ತಿಸಿದ ಗಳಿಗೆಯಿಂದ ನನ್ನ ತಲೆ ಕೆಟ್ಟಿತು. ಮಗಳ ಕಾಲೇಜು, ಊರಿನ ಹೆದ್ದಾರಿ ಬದಿಯಲ್ಲಿ ನನ್ನದೇ ಒಂದು ಅಂಗಡಿ, ಈ ದೇಶಕ್ಕೆ ಸಲಾಂ. ನಾಣ್ಯವನ್ನು ಮಾತ್ರೆಯ ಡಬ್ಬಿಯಲ್ಲಿಟ್ಟು ಕಪಾಟಿಗೆ ಬೀಗ ಹಾಕಿ ಕೀಲಿಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡೆ. ಏಳು ವರ್ಷ ತೆರೆದೇ ಇದ್ದ ಕಪಾಟು ಅದು. ಉಗುರು ಕತ್ತರಿ ಬೇಕೆಂದು ಭಾಯ್ ಅದರ ಹಿಡಿಕೆಗೆ ಕೈ ಹಾಕಿದಾಗ ನಾನು ಅವರ ಮಣಿಕಟ್ಟಿಗೆ ಹೊಡೆದೆ.

"ಎಂತ ಮಾರಾಯ! ಬಂಗಾರ ಇಟ್ಟಿದ್ದೀಯಾ ಒಳಗೆ?"

ತಮಾಷೆಗೇ ಕೇಳಿದ್ದು. ನಾನೇ ಉಗುರು ಕತ್ತರಿ ತೆಗೆದುಕೊಟ್ಟು ಮತ್ತೆ ಬೀಗ ಹಾಕಿದೆ. ಆದರೆ ಒಂದು ಮಧ್ಯಾಹ್ನ ನಾನು ಅದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಾಗ ಅವರು ಬಂದುಬಿಟ್ಟರು. ಹೆಣ್ಣಿನ ತಲೆ ಕಂಡಿತು. "ರಾಣಿ ದುಡ್ಡಾ? ಬ್ರಿಟಿಷರ ಕಾಲದ್ದು?"

"ಹೌದು ಭಾಯ್" ಎಂದೆ. "ನನ್ನ ಅಜ್ಜಿದು. ಸಾಯುವಾಗ ಕೊಟ್ಟಿದ್ದು."

ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವರ ಕಣ್ಣು ಮೆತ್ತಗಾದದ್ದನ್ನು ನೋಡಿ ನನಗೂ ಅಜ್ಜಿಯ ನೆನಪಾಯಿತು. "ಹಾಗಾದ್ರೆ ಜೋಪಾನ ಮಾಡು" ಎಂದರು. ಅವತ್ತಿನಿಂದ ಕಪಾಟಿನ ವಿಷಯ ಎತ್ತಲಿಲ್ಲ.

ಆ ಸಲದ ರಜೆಗೆ ನಾನು ಊರಿಗೆ ಹೊರಡಲು ಒಂದು ವಾರವಿತ್ತು. ಬಹರೈನ್‌ನ ಒಬ್ಬ ಹಳೆ ನಾಣ್ಯದ ವ್ಯಾಪಾರಿ ಸ್ಪಷ್ಟವಾದ ಫೋಟೋ ಕಳಿಸು ಎಂದಿದ್ದ. ಕೋಣೆಯ ಟ್ಯೂಬ್‌ಲೈಟಿನಲ್ಲಿ ಸೊನ್ನೆಗಳು ಸರಿಯಾಗಿ ಬರುತ್ತಿರಲಿಲ್ಲ. ಅದಕ್ಕೇ ನಾಣ್ಯವನ್ನು ವರ್ಕ್‌ಶಾಪಿಗೆ ಒಯ್ದೆ. ಮೇಜಿನ ಮೇಲೆ ಹತ್ತಿ ಹಾಸಿ ಅದರ ಮೇಲಿಟ್ಟು ದೀಪ ಎಳೆದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಮುಂದಿನ ಕೋಣೆಯಿಂದ ಸಾಹೇಬರು ಕೂಗಿದರು.

ಅಲ್ಲಿ ಗುತ್ತಿಗೆ ಕಂಪನಿಯ ಫೋರ್‌ಮನ್ ಒಬ್ಬ ನಿಂತಿದ್ದ. ನಾನು ಹೊಡೆದ ನಲವತ್ತು ಬಿಲ್ಲೆಗಳಲ್ಲಿ ನಂಬರು ತಪ್ಪಿತ್ತು. ಎರಡು ಅಂಕಿ ಅದಲುಬದಲು. ತಪ್ಪು ನನ್ನದೇ, ಆ ತಿಂಗಳು ನನ್ನ ಗಮನ ಬಿಲ್ಲೆಗಳ ಮೇಲೆ ಇರಲೇ ಇಲ್ಲ. ಅವನು ಬೈಯುತ್ತಾ ಬೈಯುತ್ತಾ ಒಂದು ಬಿಲ್ಲೆಯನ್ನು ನನ್ನ ಮುಖಕ್ಕೆ ಎಸೆದ. ಅಂಚು ತುಟಿಗೆ ತಾಗಿ ಸೀಳಿತು. ಉಪ್ಪುಪ್ಪು ರಕ್ತ ನುಂಗಿದೆ. ಸಾಹೇಬರು ನನ್ನ ಎದೆಗೆ ಕೈ ಅಡ್ಡ ಹಿಡಿದು, "ಒಳಗೆ ಹೋಗು. ನಲವತ್ತನ್ನೂ ಈಗಲೇ ಮಾಡಿ ಕೊಡು. ಯಲ್ಲಾ!" ಎಂದರು. ತಿರುಗಿದೆ. ಬಾಗಿಲ ಪಕ್ಕದ ಮೊಳೆಯಿಂದ ಸುತ್ತಿಗೆ ತೆಗೆದುಕೊಂಡೆ.

ಒಳಗೆ ಪಾಲಿಶ್ ಮಿಷನ್ ತಿರುಗುತ್ತಿತ್ತು. ಮೇಜಿನ ಮೇಲೆ ಹತ್ತಿ ಖಾಲಿ.

ಭಾಯ್ ನನ್ನ ಕಡೆ ತಿರುಗಿದರು. ಚರ್ಮದ ಕೈಗವಸು ಕಳಚಿ, ಬರಿಯ ಅಂಗೈ ಮುಂದೆ ಚಾಚಿದರು. ಅಂಗೈ ನಡುವೆ, ಈಗಷ್ಟೇ ಒಲೆಯಿಂದ ಇಳಿಸಿದ ಹಾಗೆ, ಕೆಂಪಗೆ ಹೊಳೆಯುವ ಒಂದು ತಾಮ್ರದ ಬಿಲ್ಲೆ.

"ಊರಿಗೆ ಹೋಗ್ತಿಯಲ್ಲ" ಎಂದರು. "ಕಪ್ಪು ಹಿಡ್ದು ಹೋಗಿತ್ತು. ನಿನ್ನ ಅಜ್ಜಿ ದುಡ್ಡು, ಹೊಸತು ಮಾಡಿ ಕೊಟ್ಟೆ. ನಿನ್ನ ಅಮ್ಮನಿಗೆ ತೋರ್ಸು."

ನಾನು ನೋಡಿದೆ. ಹೆಣ್ಣಿನ ಮುಖ ಇರಲಿಲ್ಲ, ಬರೇ ಒಂದು ಉಬ್ಬು ಇತ್ತು. ಅವರ ಅಂಗೈ ಮೇಲೆಯೇ ತಿರುಗಿಸಿದೆ. ಎಲೆಗಳು ಕರಗಿದ್ದವು. ಸೊನ್ನೆಗಳಿದ್ದ ಜಾಗ ನನ್ನ ತುಟಿಯನ್ನು ತೋರಿಸುವಷ್ಟು ನುಣುಪಾಗಿತ್ತು.

ಅವರ ಕೈಯನ್ನು ತಳ್ಳಿದೆ. ನಾಣ್ಯ ಹಾರಿ ನೆಲಕ್ಕೆ ಬಿದ್ದು ಉರುಳಿತು. ಭಾಯ್‌ಗೆ ಅದು ಆಟ ಎನ್ನಿಸಿತೋ ಏನೋ, "ಅರೇ ಬಿತ್ತು" ಎಂದು ನಗುತ್ತಲೇ ಬಗ್ಗಿ, ಅದು ಮಿಷನ್ನಿನ ಕೆಳಗೆ ಹೋಗದ ಹಾಗೆ ಅಂಗೈಯಿಂದ ಅದನ್ನು ನೆಲಕ್ಕೆ ಒತ್ತಿ ಹಿಡಿದರು. ಸಿಮೆಂಟು ನೆಲ. ಆ ಕೈಯ ಮೇಲೆ ನಾನು ಸುತ್ತಿಗೆ ಇಳಿಸಿದೆ.

ತಿಳಿಯದೆ ಬಿದ್ದ ಏಟು ಎಂದು ನಾನು ಎಲ್ಲಿಯೂ ಹೇಳಿಲ್ಲ, ಇಲ್ಲಿಯೂ ಹೇಳುವುದಿಲ್ಲ. ಮೊದಲ ಏಟಿಗೆ ತೋರುಬೆರಳಿನ ಗೆಣ್ಣು ಒಳಗೆ ಹೋದದ್ದನ್ನು ಕಂಡೆ. ಅವರು ತಲೆ ಎತ್ತಿ ನನ್ನನ್ನು ನೋಡಿದರು. ನೋವಿಗಿಂತ ಮೊದಲು ಅವರ ಮುಖದಲ್ಲಿ ಬಂದದ್ದು, ನಾನು ಜಾರಿಬಿದ್ದೆನೋ ಎಂಬ ಗಾಬರಿ. ಆ ಮುಖ ನೋಡಿಯೂ ಎರಡನೇ ಏಟು ಹೊಡೆದೆ. ಅದು ಹಸಿ ಸೌದೆ ಮುರಿದ ಸದ್ದು.

ಆಮೇಲೆ ಅವರು ಕೂಗಿದರು. ಕೂಗುತ್ತಲೇ ಎಡಗೈಯಿಂದ ನನ್ನ ಗಂಟಲು ಹಿಡಿದು ಎದ್ದರು. ಇಪ್ಪತ್ತೈದು ವರ್ಷ ಲೋಹ ಒತ್ತಿ ಹಿಡಿದ ಮನುಷ್ಯ. ಆ ಹಿಡಿತಕ್ಕೆ ನನ್ನ ಕಣ್ಣಿಗೆ ಕತ್ತಲೆ ಬಂತು. ಇಬ್ಬರೂ ಮಿಷನ್ನಿನ ಮೇಲೆ ಬಿದ್ದೆವು. ಚಕ್ರ ನನ್ನ ಅಂಗಿಯ ತೋಳನ್ನು ಸುತ್ತಿಕೊಂಡು ಎಳೆಯಿತು, ಮೊಣಕೈ ಕೆಳಗಿನ ಚರ್ಮ ಸುಟ್ಟ ವಾಸನೆ ಬಂತು. ಉಸಿರಿಗಾಗಿ ನಾನು ಅವರ ಮಣಿಕಟ್ಟನ್ನು ಹಲ್ಲು ಇಳಿಯುವವರೆಗೆ ಕಚ್ಚಿದೆ. ಅವರು ನನ್ನ ತಲೆಯನ್ನು ಮೋಟಾರಿನ ಪೆಟ್ಟಿಗೆಗೆ ಎರಡು ಸಲ ಗುದ್ದಿದರು. ಯಾರೋ ಮೇನ್ ಸ್ವಿಚ್ ಎಳೆದರು. ಆ ನಿಶ್ಶಬ್ದದಲ್ಲಿ ಸಾಹೇಬರ ದನಿ ಕೇಳಿಸಿತು: "ಯಾ ಅಲ್ಲಾ, ಕೈ ನೋಡಿ, ಅವನ ಕೈ ನೋಡಿ."

ಆಸ್ಪತ್ರೆಯಿಂದ ಪೊಲೀಸರಿಗೆ ಸುದ್ದಿ ಹೋಯಿತು. ಅವತ್ತು ಸಂಜೆಯ ಹೊತ್ತಿಗೆ ನಾನು ಲಾಕಪ್‌ನಲ್ಲಿದ್ದೆ.

ಅಲ್ಲಿ ಒಂದೇ ಕೋಣೆಯಲ್ಲಿ ಇಪ್ಪತ್ತು ಜನ. ಎದುರು ಕೂತಿದ್ದ ಒಬ್ಬ ಲಾರಿ ಡ್ರೈವರ್ ಹಿಂದಿಯಲ್ಲಿ, ಯಾಕೆ ಹೊಡೆದೆ ಎಂದು ಕೇಳಿದ. ಒಂದು ನಾಣ್ಯಕ್ಕೆ ಎಂದೆ. ಅವನು ಪಕ್ಕದವನಿಗೆ ಹೇಳಿದ, ಪಕ್ಕದವನು ಇನ್ನೊಬ್ಬನಿಗೆ. ಕೋಣೆ ಪೂರ್ತಿ ನಕ್ಕಿತು. ನಾನು ಎದ್ದು ಆ ಡ್ರೈವರನ ಮುಖಕ್ಕೆ ಗುದ್ದಿದೆ. ಅವನೂ ಅವನ ಜೊತೆಯ ಇಬ್ಬರೂ ನನ್ನನ್ನು ಮೂಲೆಗೆ ಹಾಕಿ ತುಳಿದರು. ಮೇಲಿನ ಹಲ್ಲೊಂದು ಮುರಿದು ನಾಲಗೆಯ ಮೇಲೆ ಬಂತು. ಕಾವಲುಗಾರರು ಬಿಡಿಸುವಷ್ಟರಲ್ಲಿ ಬಲಗಡೆಯ ಪಕ್ಕೆಲುಬು ಬಿರಿದಿತ್ತು, ನಾನು ಎಡಮಗ್ಗುಲಾಗಿಯೇ ಮಲಗಬೇಕಾಗಿತ್ತು. ಎಷ್ಟೋ ವಾರ ಹಾಗೇ ಮಲಗಿದೆ. ನೋವಿರುವ ತನಕ ಯೋಚನೆ ಬರುತ್ತಿರಲಿಲ್ಲ, ಅದು ಕಡಿಮೆಯಾದ ಮೇಲೆ ಆ ಹಸಿ ಸೌದೆಯ ಸದ್ದು ಕೇಳಿಸತೊಡಗಿತು.

ಎರಡು ತಿಂಗಳ ಮೇಲೆ ನನ್ನನ್ನು ಒಬ್ಬ ಅಧಿಕಾರಿಯ ಕೋಣೆಗೆ ಕರೆದರು. ಸಾಹೇಬರು ಕೂತಿದ್ದರು, ಪಕ್ಕದಲ್ಲಿ ಭಾಯ್. ಬಲಗೈ ಮೊಣಕೈವರೆಗೆ ಪಟ್ಟಿ. ತೋರುಬೆರಳನ್ನು ತೆಗೆದಿದ್ದರೆಂದೂ ನಡುಬೆರಳು ಮಡಚುವುದಿಲ್ಲವೆಂದೂ ಸಾಹೇಬರು ಮೆಲ್ಲಗೆ ಹೇಳಿದರು. ಮೇಜಿನ ಮೇಲೆ ಒಂದು ಕಾಗದ ಇತ್ತು. ಪೆಟ್ಟು ತಿಂದವನು ತನ್ನ ಹಕ್ಕು ಬಿಟ್ಟುಕೊಟ್ಟೆ ಎಂದು ಸಹಿ ಹಾಕುವ ಕಾಗದ, ತನಾಝುಲ್ ಎನ್ನುತ್ತಾರೆ. ಅಧಿಕಾರಿ ಅವರನ್ನು ಎರಡು ಸಲ ಕೇಳಿದ, ಯಾರ ಒತ್ತಾಯವೂ ಇಲ್ಲವಲ್ಲ ಎಂದು. ಭಾಯ್ ಇಲ್ಲವೆಂದು ತಲೆ ಆಡಿಸಿದರು. ಪೆನ್ನನ್ನು ಎಡಗೈಯಲ್ಲಿ ಹಿಡಿದು, ನಾಲಗೆ ಕಚ್ಚಿಕೊಂಡು, ಒಂದನೇ ಕ್ಲಾಸಿನ ಮಗು ಬರೆದ ಹಾಗೆ ಹೆಸರು ಬರೆಯತೊಡಗಿದರು. ಅರ್ಧದಲ್ಲಿ ನಿಲ್ಲಿಸಿ ನನ್ನ ಕಡೆ ನೋಡಿದರು.

"ಪೊಲೀಸರು ಹೇಳಿದ್ರು, ಅದು ಅಜ್ಜಿ ದುಡ್ಡಲ್ವಂತೆ?"

"ಅಲ್ಲ ಭಾಯ್."

"ಮತ್ತೆ ಹಾಗೆ ಹೇಳಿದ್ದು ಯಾಕೆ?"

"ಗೊತ್ತಾದ್ರೆ ನೀವು ಕೇಳ್ತೀರಿ ಅಂತ."

"ಎಂತ ಕೇಳೂದು?"

"ಪಾಲು."

ಅವರು ಪೆನ್ನನ್ನು ಮತ್ತೆ ಕಾಗದಕ್ಕೆ ಒತ್ತಿದರು. ಉಳಿದ ಅರ್ಧ ಹೆಸರು ಬರೆದು ಮುಗಿಸಿ, ಸಾಹೇಬರ ಭುಜ ಹಿಡಿದು ಎದ್ದು ಹೋದರು.

ಅವರು ಬಿಟ್ಟರೂ ಸರ್ಕಾರದ ಕಡೆಯ ಶಿಕ್ಷೆ ಇತ್ತು. ಅದಕ್ಕಾಗಿ ಇನ್ನೂ ಕೆಲವು ವಾರ ಒಳಗಿದ್ದೆ. ಹೊರಬರುವ ದಿನ ನನ್ನ ಬೆಲ್ಟು, ಫೋನು, ಪರ್ಸಿನ ಜೊತೆ ಒಂದು ಪ್ಲಾಸ್ಟಿಕ್ ಚೀಲವನ್ನೂ ಮೇಜಿನ ಮೇಲಿಟ್ಟರು. ಅದರೊಳಗೆ ನಾಣ್ಯ. ಅಂಚಿನಲ್ಲಿ ಒಣಗಿದ ರಕ್ತ. ನನ್ನದಲ್ಲ ಎಂದೆ. ಪೇದೆ ಭುಜ ಕುಣಿಸಿ ಅದನ್ನು ಡ್ರಾಯರಿಗೆ ಹಾಕಿದ.

ಆ ಮುದುಕ ಇಂಜಿನಿಯರಿಗೆ ನಡೆದದ್ದನ್ನೆಲ್ಲ ಬರೆದೆ. ಉತ್ತರ ಚಿಕ್ಕದಾಗಿತ್ತು. ಹರಾಜಿನಲ್ಲಿ ಆ ಬೆಲೆಗೆ ಹೋಗುವುದು ಬಳಸದೇ ಉಳಿದ ನಾಣ್ಯಗಳು. ನಿನಗೆ ಕೊಟ್ಟದ್ದು ಸವೆದದ್ದು, ನಿನ್ನ ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚು ಬರುತ್ತಿರಲಿಲ್ಲ. ಕೆಲಸಗಾರನ ತಪ್ಪು ಕೆಲಸಗಾರನ ಹತ್ತಿರ ಇರಲಿ ಎಂದು ಕೊಟ್ಟಿದ್ದೆ. ನಿನ್ನ ಸ್ನೇಹಿತನ ಕೈಗಾಗಿ ನನಗೆ ದುಃಖವಾಗಿದೆ. ಅದರ ಕೆಳಗೆ ಅವನ ಹೆಸರು ಕೂಡ ಇರಲಿಲ್ಲ.

ಇಷ್ಟು ವರ್ಷದ ಸರ್ವಿಸಿಗೆ ನನಗೆ ಬರಬೇಕಾದದ್ದನ್ನೆಲ್ಲ ಭಾಯ್‌ಗೇ ಕೊಡಿ ಎಂದು ಸಾಹೇಬರಿಗೆ ಹೇಳಿದೆ. ಅವರೇ ನನ್ನ ಹೊಣೆ ಹೊರುವ ಹೊಸ ಕಫೀಲನನ್ನು ಹುಡುಕಿ ನನ್ನ ವಾಸದ ಪರವಾನಗಿಯನ್ನು, ಇಕಾಮಾವನ್ನು, ಅವನ ಹೆಸರಿಗೆ ಬದಲಾಯಿಸಿಕೊಟ್ಟರು. ಆದಷ್ಟು ದೂರ ಹೋಗಲಿ ಎಂದಿರಬೇಕು. ತಬೂಕ್‌ನ ತೋಟಗಳಲ್ಲಿ ನೀರಿನ ಪಂಪು ರಿಪೇರಿ ಮಾಡುವ ಕೆಲಸ. ಸುತ್ತಿಗೆ ಬೇಕಾದಲ್ಲಿ ಜೊತೆಯವನಿಗೆ ಹೇಳುತ್ತೇನೆ, ನಾನು ಪಾನಾ ಹಿಡಿಯುತ್ತೇನೆ.

ಎರಡು ವರ್ಷ ಕಳೆದ ಮೇಲೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. "ನಾನು" ಎಂದರು. ಆ ಒಂದು ಪದಕ್ಕೆ ನಾನು ಎದ್ದು ನಿಂತೆ. ಮದೀನಾದಲ್ಲಿ ನೆಂಟರ ಅಂಗಡಿಯಲ್ಲಿ ಖರ್ಜೂರ ಮಾರುತ್ತಿದ್ದಾರಂತೆ. "ನೀನು ಊರೊಳಗೆ ಬರೂದು ಬೇಡ, ನಿಮ್ಮವರನ್ನು ದೊಡ್ಡ ಮಸೀದಿ ಹತ್ತಿರಕ್ಕೆ ಬಿಡೂದಿಲ್ಲ. ತಬೂಕ್ ರಸ್ತೆಯಲ್ಲಿ ಪೆಟ್ರೋಲ್ ಬಂಕ್ ಉಂಟು, ಜಾಗ ಕಳಿಸ್ತೆ. ಶುಕ್ರವಾರ ಜುಮ್ಮಾ ಆದ ಮೇಲೆ ಬಾ."

ಏಳು ಗಂಟೆ ಗಾಡಿ ಓಡಿಸಿದೆ. ಬಂಕ್ ಪಕ್ಕದ ಚಹಾದಂಗಡಿಯ ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಗಡ್ಡ ಪೂರ್ತಿ ಬಿಳಿ. ಬಲಗೈ ಜುಬ್ಬಾದ ಜೇಬಿನಲ್ಲಿತ್ತು. ಎದುರು ಕೂತು ಸಲಾಂ ಹೇಳಿದೆ. ಅವರು ಎಡಗೈಯಿಂದ ಚಹಾದ ಕಪ್ ಎತ್ತಿ, ಕುಡಿಯುತ್ತಾರೆ ಎಂದುಕೊಳ್ಳುವಷ್ಟರಲ್ಲಿ, ನನ್ನ ಮೇಲೆ ಎರಚಿದರು. ಕುದಿಯುವ ಚಹಾ. ಕತ್ತಿನಿಂದ ಎದೆಯವರೆಗೆ ಇಳಿಯಿತು. ಕುರ್ಚಿ ಬಿದ್ದು ನಾನೂ ಬಿದ್ದೆ. ಚಹಾದವನು ಓಡಿ ಬಂದ. ಭಾಯ್ ಅವನನ್ನು ಅರಬಿಯಲ್ಲಿ ಗದರಿ ವಾಪಸು ಕಳಿಸಿದರು.

"ಸುಟ್ಟಿತಾ?"

"ಸುಟ್ಟಿತು."

"ಸುಡ್ಲಿ." ಖಾಲಿ ಕಪ್ಪನ್ನು ಮೇಜಿನ ಮೇಲೆ ಕುಕ್ಕಿದರು. "ಸಹಿ ಹಾಕಿದ್ದು ನನ್ನ ಹೆಂಡ್ತಿ ಅತ್ತದ್ದಕ್ಕೆ, ನಿನಗೂ ಮಗಳು ಉಂಟು ಅಂತ. ನನ್ನ ಮನಸ್ಸಲ್ಲಿ ನಿನ್ನ ಕೈ ಎಷ್ಟು ಸಲ ಮುರಿದಿದ್ದೇನೆ ಗೊತ್ತುಂಟಾ? ನಮಾಜಿಗೆ ಕೂತ್ರೂ ಅದೇ. ದಮ್ಮಾಮ್ ಬಿಟ್ಟು ಮದೀನಾಕ್ಕೆ ಬಂದು ಕೂತು, ಅಂಥ ಪವಿತ್ರ ಜಾಗದಲ್ಲಿ ಸಹ ಅದೇ ಯೋಚನೆ. ನನ್ನಿಂದ ಆಗೂದಿಲ್ಲ ಇನ್ನು."

"ಹೊಡೀರಿ ಭಾಯ್" ಎಂದೆ.

"ಸುಮ್ಮನಿರು. ದೊಡ್ಡ ಮನುಷ್ಯನ ಹಾಗೆ ಮಾತಾಡ್ಬೇಡ."

ನನ್ನ ಕತ್ತಿನ ಚರ್ಮ ಎದ್ದುಬರುತ್ತಿರುವುದು ಅವರಿಗೆ ಕಾಣುತ್ತಿತ್ತು. ಮೇಜಿನ ಮೇಲೆ ತಣ್ಣನೆಯ ನೀರಿನ ಬಾಟಲಿ ಇತ್ತು. ಅದನ್ನು ಎಳೆದುಕೊಂಡು ತೊಡೆಗಳ ನಡುವೆ ಹಿಡಿದು ಎಡಗೈಯಿಂದ ಮುಚ್ಚಳ ತಿರುಗಿಸಲು ನೋಡಿದರು. ಜಾರಿತು. ಬಲಗೈ ಹೊರಗೆ ಬಂತು. ಆಗ ಮೊದಲ ಸಲ ಅದನ್ನು ನೋಡಿದೆ. ತೋರುಬೆರಳಿನ ಜಾಗದಲ್ಲಿ ಒಂದು ಗಂಟು, ನಡುಬೆರಳು ಕೋಲಿನ ಹಾಗೆ ನೆಟ್ಟಗೆ. ಹೆಬ್ಬೆರಳು ಮತ್ತು ಉಳಿದ ಎರಡು ಬೆರಳಿನಿಂದ ಮುಚ್ಚಳ ಹಿಡಿಯಲಾಗಲಿಲ್ಲ. ಬೈಗುಳ ಉಗುಳಿ ಬಾಟಲಿಯನ್ನು ನನ್ನ ಕಡೆ ತಳ್ಳಿದರು.

"ನನ್ಗೆ ಬರೂದಿಲ್ಲ. ನೀನೇ ತೆಗಿ. ಕತ್ತಿಗೆ ಹಾಕು."

ತೆಗೆದು ಹಾಕಿಕೊಂಡೆ. ಇಬ್ಬರೂ ರಸ್ತೆ ನೋಡುತ್ತಾ ಕೂತೆವು. ಲಾರಿಗಳು ಹೋಗುತ್ತಿದ್ದವು. ಇಳಿಮಧ್ಯಾಹ್ನದ ಅಸರ್ ನಮಾಜಿನ ಬಾಂಗ್ ಕೇಳಿದಾಗ ಅವರು ಎದ್ದರು.

"ಇನ್ನು ಬರ್ಬೇಡ. ಫೋನೂ ಬೇಡ. ಇವತ್ತು ಸ್ವಲ್ಪ ಹಗುರ ಆಯ್ತು. ನಾಳೆ ಎಂತ ಆಗ್ತದೆ ಗೊತ್ತಿಲ್ಲ" ಎಂದು ಹೇಳಿ ಬಂಕಿನ ಹಿಂದಿನ ಮಸೀದಿಯ ಕಡೆ ನಡೆದರು.

ನಾನು ತಬೂಕ್ ಕಡೆ ಗಾಡಿ ತಿರುಗಿಸಿದೆ. ಸೀಟ್ ಬೆಲ್ಟ್ ಸುಟ್ಟ ಗಾಯಕ್ಕೆ ಉಜ್ಜುತ್ತಿತ್ತು. ಬಿಚ್ಚಬಹುದಿತ್ತು, ಬಿಚ್ಚಲಿಲ್ಲ.